ಬ್ಯಾಂಡಿನಲ್ಲಿದ್ದುಕೊಂಡೇ ಮೊದಲ ಸೋಲೋ ಆಲ್ಬಂ ಮಾಡುವುದು ಹೇಗೆ

ಹನ್ನೊಂದು ವರ್ಷದಿಂದ ಒಂದೇ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಈಗಲೂ ಅಲ್ಲೇ ಇದ್ದೇನೆ. ಕಳೆದ ವರ್ಷ ಒಂಬತ್ತು ಹಾಡುಗಳ ನನ್ನದೇ ಆಲ್ಬಂ ಮುಗಿಸಿದೆ. ಬರೆದಿದ್ದು, ಹಾಡಿದ್ದು, ರೆಕಾರ್ಡ್ ಮಾಡಿದ್ದು, ಮಿಕ್ಸ್ ಮಾಡಿದ್ದು ನಾನೇ. ಡ್ರಮ್ಸ್ ಒಂದನ್ನು ಮಾತ್ರ ನಮ್ಮ ಡ್ರಮ್ಮರ್ ಬಂದು ನುಡಿಸಿಕೊಟ್ಟ. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಐದು ತಿಂಗಳು ಸುಮ್ಮನೆ ಹಾಳಾದವು. ಆ ಐದು ತಿಂಗಳು ನಿಮಗಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೈಕು, ಸಾಫ್ಟ್‌ವೇರುಗಳ ಮಾತು ಆಮೇಲೆ. ಮೊದಲು ಬ್ಯಾಂಡಿನವರ ಜೊತೆ ಕೂತು ಮಾತಾಡಿ. ಸುದ್ದಿ ಬೇರೆಯವರಿಂದ ಅವರ ಕಿವಿಗೆ ಬೀಳಬಾರದು. ಯಾವ ಹಾಡು ಬ್ಯಾಂಡಿನದು, ಯಾವುದು ನಿಮ್ಮದು ಅನ್ನೋದು ಆವತ್ತೇ ತೀರ್ಮಾನ ಆಗಲಿ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ: ಸಾಹಿತ್ಯ ಮತ್ತು ಸಂಗೀತ ರಚನೆಯದ್ದು ಒಂದು, ರೆಕಾರ್ಡಿಂಗಿನದ್ದು, ಅಂದರೆ ಮಾಸ್ಟರಿನದ್ದು, ಇನ್ನೊಂದು. ಮಾಸ್ಟರ್ ಪೂರ್ತಿ ನಿಮ್ಮದಾಗಿದ್ದರೂ ರಚನೆಯಲ್ಲಿ ಬೇರೆಯವರ ಪಾಲಿರಬಹುದು. ನನ್ನ ಆರನೇ ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಗಿಟಾರ್ ತುಣುಕು) ಹುಟ್ಟಿದ್ದು ರಿಹರ್ಸಲ್‌ನಲ್ಲಿ, ನಮ್ಮ ಗಿಟಾರಿಸ್ಟ್ ಶ್ರುತಿ ಮಾಡಿಕೊಳ್ಳುವಾಗ. ಅವನನ್ನೇ ಕೇಳಿದೆ. ರಚನೆಯಲ್ಲಿ ಶೇ. 30 ಅವನದು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಹತ್ತು ನಿಮಿಷದ ಕೆಲಸ. ಬ್ಯಾಂಡ್ ಯಾವುದಾದರೂ ಲೇಬಲ್ ಜೊತೆ ಒಪ್ಪಂದ ಮಾಡಿಕೊಂಡಿದ್ದರೆ, ಸದಸ್ಯರ ಸೋಲೋ ಕೆಲಸದ ಬಗ್ಗೆ ಅದರಲ್ಲಿ ಏನು ಬರೆದಿದೆ ಅಂತ ಓದಿ ನೋಡಿ. ಎಷ್ಟೋ ಒಪ್ಪಂದಗಳು ಅದನ್ನೂ ತಮ್ಮ ತೆಕ್ಕೆಗೆ ಹಾಕಿಕೊಂಡಿರುತ್ತವೆ.

ಒಬ್ಬರೇ ಕೂತಾಗ ನಿಜಕ್ಕೂ ಇಲ್ಲವಾಗುವುದು "ಬೇಡ" ಅನ್ನುವ ದನಿ. ಬ್ಯಾಂಡಿನಲ್ಲಿ ನಾನು ಉದ್ದದ ಇಂಟ್ರೋ ತಂದರೆ ನಮ್ಮ ಡ್ರಮ್ಮರ್ ಎಂಟನೇ ಬಾರ್‌ಗೆ, ಅಂದರೆ ತಾಳದ ಎಂಟನೇ ಸುತ್ತಿಗೆ, ಸುಮ್ಮನೆ ಚರಣಕ್ಕೆ ಹೋಗಿಬಿಡುತ್ತಾನೆ. ಚರ್ಚೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಹಾಗೆ ತಡೆಯುವವರು ಯಾರೂ ಇರಲಿಲ್ಲ. ನನ್ನ ಮೊದಲ ಡೆಮೊ ಏಳು ನಿಮಿಷ ಇತ್ತು. ಗಿಟಾರುಗಳೇ ಹದಿನಾರು.

ಅದಕ್ಕೇ ತಡೆಯನ್ನು ನಾವೇ ಕಟ್ಟಿಕೊಳ್ಳಬೇಕು. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ 1970ರಲ್ಲಿ ತನ್ನ ಮೊದಲ ಸೋಲೋ ಆಲ್ಬಂ ತಂದಾಗ ವಾದ್ಯಗಳನ್ನೆಲ್ಲ ತಾನೇ ನುಡಿಸಿದ್ದ, ಬಹಳಷ್ಟನ್ನು ಮನೆಯಲ್ಲೇ ನಾಲ್ಕು ಟ್ರ್ಯಾಕಿನ, ಅಂದರೆ ಸದ್ದಿನ ನಾಲ್ಕೇ ಪದರ ಹಿಡಿಯುವ, ಟೇಪ್ ಯಂತ್ರದಲ್ಲಿ ಮುದ್ರಿಸಿದ್ದ. ಅವನ ಗಡಿಯನ್ನು ಯಂತ್ರವೇ ಹಾಕಿಕೊಟ್ಟಿತ್ತು. ನಮ್ಮ ಕಂಪ್ಯೂಟರಿಗೆ ಆ ಗಡಿ ಇಲ್ಲ. ನಾನು ಹಾಡಿಗೆ 24 ಟ್ರ್ಯಾಕ್ ಅಂತ ಮಿತಿ ಹಾಕಿಕೊಂಡೆ. ಹೊಸದೊಂದು ಬೇಕಾದರೆ ಹಳೆಯದೊಂದನ್ನು ತೆಗೆಯಬೇಕು. ನಿರ್ವಾಣ ಬ್ಯಾಂಡಿನ ಡ್ರಮ್ಮರ್ ಆಗಿದ್ದ ಡೇವ್ ಗ್ರೋಲ್ 1994ರ ಅಕ್ಟೋಬರಿನಲ್ಲಿ ಸುಮಾರು ಒಂದು ವಾರದಲ್ಲಿ, ಒಂದು ಗಿಟಾರ್ ಭಾಗ ಬಿಟ್ಟು ಮಿಕ್ಕಿದ್ದೆಲ್ಲವನ್ನೂ ತಾನೇ ನುಡಿಸಿ ಫೂ ಫೈಟರ್ಸ್‌ನ ಮೊದಲ ಆಲ್ಬಂ ಮುದ್ರಿಸಿದ. ಆ ವೇಗ ನೋಡಿ ಬೆರಗಾಗುವ ಮೊದಲು ಒಂದು ವಿಷಯ ಗಮನಿಸಿ: ಹಾಡುಗಳಲ್ಲಿ ಹಲವು ಅದಕ್ಕೂ ವರ್ಷಗಳ ಹಿಂದೆಯೇ ಬರೆದು ತಿದ್ದಿ ಸಿದ್ಧವಾಗಿದ್ದವು. ಹಾಡು ಮುಗಿಯದೆ ಮೈಕು ಹಚ್ಚಬೇಡಿ. ಒಂದು ಗಿಟಾರ್ ಹಿಡಿದು ಮೊದಲಿಂದ ಕೊನೆವರೆಗೆ ನಿಲ್ಲದೆ ಹಾಡಲು ಬಂದರೆ ಹಾಡು ಮುಗಿದಿದೆ ಅಂತ ಅರ್ಥ.

ಹೊರಗಿನ ಕಿವಿ ಒಂದು ಬೇಕು, ಒಂದೇ ಸಾಕು. "ಹೇಗಿದೆ?" ಅಂತ ಮಾತ್ರ ಕೇಳಬೇಡಿ, "ಚೆನ್ನಾಗಿದೆ" ಅಂತಾರೆ. ನಾನು ನಮ್ಮ ಡ್ರಮ್ಮರಿಗೆ ಡೆಮೊಗಳನ್ನು ಕೊಟ್ಟು, "ಎಲ್ಲೆಲ್ಲಿ ನಿನ್ನ ಮನಸ್ಸು ಬೇರೆ ಕಡೆ ಹೋಯ್ತೋ ಆ ನಿಮಿಷ, ಸೆಕೆಂಡು ಮಾತ್ರ ಬರೆದುಕೊಡು" ಅಂದೆ. ಮೂರು ಹಾಡುಗಳಿಗೆ ಅವನು ಬರೆದ ಸಮಯ ಎರಡನೇ ಚರಣದ ನಡುವೆಯೇ ಬಿತ್ತು. ಮೂರರಲ್ಲೂ ಆ ಚರಣವನ್ನು ಅರ್ಧ ಕತ್ತರಿಸಿದೆ. "ಈಗ ಕೇಳಿಸ್ಕೊಂಡು ಹೋಗತ್ತೆ ಕಣೋ" ಅಂದ.

ಇನ್ನು ರೆಕಾರ್ಡಿಂಗ್. ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್ ಇರಲಿ. ಜೋರಾದ ಜಾಗದಲ್ಲೂ ಮೀಟರ್ ಮೈನಸ್ 10 ಡೆಸಿಬೆಲ್ (ಡಿಬಿ) ಆಸುಪಾಸಿನಲ್ಲೇ ನಿಲ್ಲಲಿ. 24 ಬಿಟ್‌ನಲ್ಲಿ ಮೆಲ್ಲಗೆ ಮುದ್ರಿಸಿದರೂ ಗುಣಮಟ್ಟ ಕೆಡುವುದಿಲ್ಲ, ಆದರೆ ಸೊನ್ನೆ ದಾಟಿ ಒಡೆದ ದನಿ ಮತ್ತೆ ಸರಿಹೋಗುವುದಿಲ್ಲ. ನುಡಿಸುವಾಗ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕು; ದೊಡ್ಡದಾದಷ್ಟೂ ದನಿ ತಡ) 128ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ. ಹೆಡ್‌ಫೋನಿನಲ್ಲಿ ನಿಮ್ಮ ದನಿ ನಿಮಗೇ ತಡವಾಗಿ ಕೇಳಿದರೆ ಲಯ ಹಿಂದೆ ಬೀಳುತ್ತದೆ.

ಕ್ಲಿಕ್‌ನ, ಅಂದರೆ ಹೆಡ್‌ಫೋನಿನಲ್ಲಿ ತಾಳ ಕೊಡುವ ಟಿಕ್‌ಟಿಕ್ ಸದ್ದಿನ, ವೇಗವನ್ನು ಕುರ್ಚಿಯಲ್ಲಿ ಕೂತು ಗೊತ್ತುಮಾಡಬೇಡಿ. ಎದ್ದು ನಿಂತು, ವೇದಿಕೆಯ ಮೇಲಿದ್ದಂತೆ ಹಾಡಿ, ಆಗ ಬಂದ ವೇಗ ಇಡಿ. ನಾನು ನಿಮಿಷಕ್ಕೆ ಚರಣಕ್ಕೆ 118 ಬಡಿತ, ಪಲ್ಲವಿಗೆ 120 ಇಟ್ಟೆ. ಆ ಎರಡು ಅಂಕಿಯ ವ್ಯತ್ಯಾಸ ಕೇಳುಗರಿಗೆ ಗೊತ್ತಾಗುವುದಿಲ್ಲ, ಹಾಡು ಮಾತ್ರ ಮುಂದಕ್ಕೆ ಬಾಗುತ್ತದೆ. ಗೈಡ್ ಆಗಿ ಒಂದು ಗಿಟಾರ್, ಒಂದು ದನಿ ಹಾಕಿ, ಅದರ ಮೇಲೆ ಡ್ರಮ್ಸ್.

ಡ್ರಮ್ಸ್‌ಗೆ ನಾಲ್ಕೇ ಮೈಕು ಬಳಸಿದೆವು: ಕಿಕ್‌ಗೊಂದು (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಸ್ನೇರ್‌ಗೊಂದು (ಚಟಚಟ ಅನ್ನುವ ನಡುವಿನ ಡ್ರಮ್), ಮೇಲೆ ಎರಡು. ಮೇಲಿನ ಎರಡೂ ಸ್ನೇರ್‌ನ ನಡುಮಧ್ಯದಿಂದ ಒಂದೇ ದೂರದಲ್ಲಿರಬೇಕು. ಕಣ್ಣಳತೆ ಸಾಲದು. ಒಂದು ದಾರದ ತುದಿಯನ್ನು ಸ್ನೇರ್ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿ ಎರಡೂ ಮೈಕುಗಳ ಮೂತಿಗೆ ಸರಿಯಾಗಿ ಮುಟ್ಟುವ ತನಕ ಸ್ಟ್ಯಾಂಡ್ ಸರಿಸುತ್ತಾ ಹೋದೆ. ಒಂದು ಮೈಕು 34 ಸೆಂಟಿಮೀಟರ್ ದೂರ ಹೋದರೆ ಸದ್ದು ಅದಕ್ಕೆ ಒಂದು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಆಗ ಎರಡನ್ನೂ ಸೇರಿಸಿ ಕೇಳಿದರೆ ಸ್ನೇರ್ ಟೊಳ್ಳಾಗುತ್ತದೆ.

ಗಿಟಾರಿಗೆ ವೇದಿಕೆಯಲ್ಲಿ ಇಡುವುದಕ್ಕಿಂತ ಕಡಿಮೆ ಗೇನ್ (ದನಿಯನ್ನು ಒರಟಾಗಿಸುವ ಗುಂಡಿ) ಇಡಿ. ಡೈನಮಿಕ್ ಮೈಕನ್ನು ಆ್ಯಂಪಿನ ಬಟ್ಟೆಗೆ ಎರಡು ಮೂರು ಸೆಂಟಿಮೀಟರ್ ಹತ್ತಿರ, ಒಳಗಿನ ಸ್ಪೀಕರ್ ಕೋನ್‌ನ ನಡುವಿಗೂ ಅಂಚಿಗೂ ಮಧ್ಯೆ ಇಟ್ಟು, ಬೆರಳಗಲ ಸರಿಸಿ ಸರಿಸಿ ಕೇಳಿ. ಎಡಕ್ಕೊಂದು ಬಲಕ್ಕೊಂದು ಬೇಕಿದ್ದರೆ ಎರಡು ಸಲ ನುಡಿಸಿ. ಒಂದನ್ನೇ ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಅಗಲವೇ ಸಿಗುವುದಿಲ್ಲ. ಪ್ರತಿ ಟೇಕ್‌ಗೂ ಮುಂಚೆ ಶ್ರುತಿ ನೋಡಿಕೊಳ್ಳಿ.

ನನ್ನ ಐದು ತಿಂಗಳಲ್ಲಿ ಮೂರನ್ನು ತಿಂದಿದ್ದು ಹಾಡುಗಾರಿಕೆ. ವರ್ಷಗಟ್ಟಲೆ ಹಿಂದೆ ನಿಂತು ಹಾರ್ಮನಿ ಹಾಡಿದವನಿಗೆ ತನ್ನ ದನಿಯೇ ಮುಂದೆ ಬಂದಾಗ ಗಾಬರಿ ಆಗುತ್ತದೆ. ಮೂರನೇ ಹಾಡನ್ನು 61 ಸಲ ಹಾಡಿದೆ. ಕೊನೆಗೆ ಆಲ್ಬಂಗೆ ಹೋಗಿದ್ದು ನಾಲ್ಕನೇ ಟೇಕ್. ಅದರಲ್ಲಿ ಎರಡನೇ ಪಲ್ಲವಿಯ ಕೊನೆಯಲ್ಲಿ ಉಸಿರು ಸಾಲದೆ ದನಿ ಸ್ವಲ್ಪ ನಡುಗುತ್ತದೆ; ಆ ಸಾಲಿನ ಅರ್ಥವೂ ಅದೇ ಆಗಿತ್ತು. ಆಮೇಲಿಂದ ಒಂದು ಕಟ್ಟಳೆ ಮಾಡಿಕೊಂಡೆ: ಪೂರ್ತಿ ಹಾಡು ಐದೇ ಸಲ, ಆವತ್ತು ಕೇಳುವುದಿಲ್ಲ, ಮರುದಿನ ಸಾಲುಸಾಲಾಗಿ ಆರಿಸುವುದು. ಉಳಿದ ಆರು ಹಾಡುಗಳು ಎರಡು ವಾರದಲ್ಲಿ ಮುಗಿದವು. ಮೈಕು ಬಾಯಿಂದ 15–20 ಸೆಂಟಿಮೀಟರ್ ದೂರ, ನಡುವೆ ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಜಾಲರಿ). ದಪ್ಪ ರಗ್ಗನ್ನು ಮೈಕಿನ ಹಿಂದೆ ಕಟ್ಟುವವರೇ ಹೆಚ್ಚು. ಆದರೆ ಕಾರ್ಡಿಯಾಯ್ಡ್ ಮೈಕು ಕೇಳಿಸಿಕೊಳ್ಳುವುದು ಎದುರಿನಿಂದ, ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ವಾಪಸ್ ಬರುವ ಸದ್ದೂ ಅದಕ್ಕೆ ಸಿಗುತ್ತದೆ. ರಗ್ಗು ನಿಮ್ಮ ಬೆನ್ನ ಹಿಂದೆ ಇರಲಿ.

ಮಿಕ್ಕ ಎರಡು ತಿಂಗಳು ಹೋಗಿದ್ದು ನನ್ನ ಕೋಣೆಯಿಂದ. ಬೇಸ್ ನುಡಿಸುವವನೇ ಬೇಸ್ ಮಿಕ್ಸ್ ಮಾಡಲಾಗದೆ ಒದ್ದಾಡಿದೆ. ಎರಡು ಹಾಡುಗಳಲ್ಲಿ ಜಿ ಸ್ವರ, ಅದೂ ಕೆಳಗಿನ ಇ ತಂತಿಯ ಮೂರನೇ ಫ್ರೆಟ್ಟಿನದು, ಕೇಳಿಸುತ್ತಲೇ ಇರಲಿಲ್ಲ. ಆ ಸ್ವರ ಬಂದಲ್ಲೆಲ್ಲ ಏರಿಸಿದೆ. ಕಾರಿನಲ್ಲಿ ಹಾಕಿದರೆ ಅದೊಂದೇ ಸ್ವರಕ್ಕೆ ಬಾಗಿಲು ಅದುರುತ್ತಿತ್ತು. ಇಳಿಸಿದೆ, ಏರಿಸಿದೆ, ಬೇಸ್‌ನ ತಂತಿಗಳನ್ನೇ ಬದಲಾಯಿಸಿದೆ. ಕೊನೆಗೆ ಟೇಪ್ ಹಿಡಿದು ಕೋಣೆ ಅಳೆದೆ: ಉದ್ದ 3.5 ಮೀಟರ್. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ 7ರಿಂದ ಭಾಗಿಸಿದರೆ 49 ಬರುತ್ತದೆ. ಆ ಜಿ ಸ್ವರದ ಆವರ್ತನವೂ 49 ಹರ್ಟ್ಸ್. ಅಂಥ ಸ್ವರ ಎರಡು ತುದಿಯ ಗೋಡೆಗಳ ಹತ್ತಿರ ಉಬ್ಬುತ್ತದೆ, ನಟ್ಟನಡುವೆ ಇಲ್ಲವಾಗುತ್ತದೆ. ನನ್ನ ಕುರ್ಚಿ ಇದ್ದಿದ್ದು ಸರಿಯಾಗಿ ನಟ್ಟನಡುವೆ. ಕುರ್ಚಿಯನ್ನು ಎದುರಿನ ಗೋಡೆಯಿಂದ ಸುಮಾರು 1.3 ಮೀಟರಿಗೆ ತಂದೆ, ಜಿ ವಾಪಸ್ ಬಂತು. ನಿಮ್ಮ ಕೋಣೆಯನ್ನೂ ಹೀಗೆ ಅಳೆದು ನೋಡಿ, ಯಾವ ಸ್ವರದ ವಿಷಯದಲ್ಲಿ ಅದು ಸುಳ್ಳು ಹೇಳುತ್ತದೆ ಅಂತ ಮೊದಲೇ ಗೊತ್ತಿರಲಿ. ರಗ್ಗು, ಹಾಸಿಗೆಗಳಿಂದ ಇದು ಸರಿಹೋಗುವುದಿಲ್ಲ. ಅವು ಹೀರುವುದು ಮೇಲಿನ ಸದ್ದುಗಳನ್ನು.

ಮಿಕ್ಸನ್ನು ಪಕ್ಕದವರ ಜೊತೆ ಆರಾಮಾಗಿ ಮಾತಾಡುವಷ್ಟು ಮೆಲ್ಲಗಿನ ದನಿಯಲ್ಲಿ ಮಾಡಿ. ದನಿ ಜೋರಾದಷ್ಟೂ ಕಿವಿಗೆ ಬೇಸ್ ಹೆಚ್ಚು ಕೇಳುತ್ತದೆ, ಎಲ್ಲವೂ ಚೆನ್ನಾಗಿರುವಂತೆ ಅನಿಸುತ್ತದೆ. ಗಿಟಾರುಗಳಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಆ ಜಾಗ ಬೇಸ್ ಮತ್ತು ಕಿಕ್‌ದು.

ಮಾಸ್ಟರಿಂಗ್ (ಮಿಕ್ಸಿಗೆ ಕೊನೆಯ ಹದ ಕೊಡುವ ಕೆಲಸ) ಒಂದನ್ನು ಬೇರೆಯವರಿಗೆ ಕೊಡಿ ಅನ್ನುತ್ತೇನೆ. ನೀವೇ ಮಾಡುವುದಾದರೆ ಟ್ರೂ ಪೀಕ್, ಅಂದರೆ ಸದ್ದಿನ ನಿಜವಾದ ತುತ್ತತುದಿ, ಮೈನಸ್ 1 ಡಿಬಿ ದಾಟದಿರಲಿ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನೆಲ್ಲ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ, ಹಾಗಾಗಿ ಹಿಂಡಿ ಹಿಂಡಿ ಜೋರು ಮಾಡಿ ಸಿಗುವುದು ಹೆಚ್ಚೇನಿಲ್ಲ. ಬಿಡುಗಡೆಗೆ ಒಂದು ತಿಂಗಳ ಮೊದಲೇ ಅಪ್‌ಲೋಡ್ ಮಾಡಿ. ಪ್ರತಿ ರೆಕಾರ್ಡಿಂಗಿಗೂ ಅದನ್ನು ಗುರುತಿಸುವ 12 ಅಕ್ಷರ–ಅಂಕಿಗಳ ಐಎಸ್ಆರ್‌ಸಿ ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಡ್ರಮ್ಮರ್, ಗಿಟಾರಿಸ್ಟ್ ಹೆಸರುಗಳ ಕಾಗುಣಿತವನ್ನು ಅವರಿಗೇ ತೋರಿಸಿ ಖಚಿತಪಡಿಸಿಕೊಳ್ಳಿ.

ಎಲ್ಲ ಮುಗಿದ ಮೇಲೆ, ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದ ಶುರುವಾಗುವ ವೇವ್ ಫೈಲಾಗಿ ತೆಗೆದು ಎರಡು ಡಿಸ್ಕಿನಲ್ಲಿಡಿ, ಒಂದು ಡಿಸ್ಕ್ ಬೇರೆ ಮನೆಯಲ್ಲಿರಲಿ. ಇವತ್ತಿನ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ) ನಾಲ್ಕು ವರ್ಷದ ನಂತರ ತೆರೆಯದೇ ಹೋಗಬಹುದು. ಹೋದ ತಿಂಗಳು ನಮ್ಮ ಡ್ರಮ್ಮರ್ ಆರನೇ ಹಾಡನ್ನು ಬ್ಯಾಂಡಿನಲ್ಲಿ ನುಡಿಸೋಣ, ಪ್ರಾಕ್ಟೀಸಿಗೆ ಡ್ರಮ್ಸ್ ಇಲ್ಲದ ಟ್ರ್ಯಾಕ್ ಕಳಿಸು ಅಂದ. ಅವನ ನಾಲ್ಕು ಮೈಕುಗಳ ಫೈಲುಗಳನ್ನು ಮ್ಯೂಟ್ ಮಾಡಿ ಆವತ್ತೇ ಕಳಿಸಿದೆ.