ರಾತ್ರಿ ಶಾಲೆಯಲ್ಲಿ ಪೌರನೀತಿ: ನಾನು ಕಲಿಸುವ ರೀತಿ

ಮುಂಬೈಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ನಾನು ಇತಿಹಾಸ ಮತ್ತು ರಾಜ್ಯಶಾಸ್ತ್ರ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳು ಹಗಲು ಹೋಟೆಲ್, ಕ್ಯಾಂಟೀನ್, ಅಂಗಡಿಗಳಲ್ಲಿ ದುಡಿದು ಸಂಜೆ ಕ್ಲಾಸಿಗೆ ಬರುತ್ತಾರೆ. ಹೆಚ್ಚಿನವರಿಗೆ ಹದಿನೆಂಟು ದಾಟಿದೆ. ಎಸ್‌ಎಸ್‌ಸಿಯಲ್ಲಿ, ಅಂದರೆ ಇಲ್ಲಿನ ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ, ಈ ವಿಷಯಕ್ಕೆ 40 ಅಂಕ. ಅಷ್ಟಕ್ಕೆ ಬೇಕಾದ ಉತ್ತರ ಬಾಯಿಪಾಠ ಮಾಡಿಸಿ ಬಿಡಬಹುದು. ಆದರೆ ಸರ್ಕಾರ ಹೇಗೆ ನಡೆಯುತ್ತದೆ ಅಂತ ಯಾರಾದರೂ ಎದುರು ಕೂತು ಹೇಳಿಕೊಡುವುದು ಇವರಲ್ಲಿ ಹಲವರಿಗೆ ಇದೊಂದೇ ಸಲ. ಅದನ್ನು ಹಾಳು ಮಾಡಲು ನನಗೆ ಮನಸ್ಸು ಬರುವುದಿಲ್ಲ.

ನಾನು ಇತಿಹಾಸ, ಪೌರನೀತಿ ಎರಡನ್ನೂ ಒಟ್ಟಿಗೇ ಕಲಿಸುತ್ತೇನೆ. ಒಂದು ಹಕ್ಕು ಮೊದಲು ಯಾರ ಕೈಯಲ್ಲಿತ್ತು, ನಮ್ಮ ಕೈಗೆ ಹೇಗೆ ಬಂತು ಅಂತ ಗೊತ್ತಾದ ಮೇಲೆ ಅದನ್ನು ಸುಮ್ನೆ ಬಿಟ್ಟುಕೊಡಲು ಯಾರಿಗೂ ಮನಸ್ಸಾಗುವುದಿಲ್ಲ.

ಶುರು ಮಾಡುವುದು ಪಾಲಿಕೆಯಿಂದ. ಬಿಎಂಸಿ, ಅಂದರೆ ಮುಂಬೈ ಮಹಾನಗರ ಪಾಲಿಕೆ, ಇವತ್ತಿಗೂ ನಡೆಯುವುದು 1888ರ ಕಾಯ್ದೆಯ ಮೇಲೆ, ತಿದ್ದುಪಡಿಗಳು ಬೇಕಾದಷ್ಟು ಆಗಿವೆ ನಿಜ. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ಪಾಲಿಕೆ ಕಟ್ಟಡದ ಮುಂದಿರುವ ಫಿರೋಜ್‌ಶಾ ಮೆಹ್ತಾ ಪ್ರತಿಮೆಯನ್ನು ಎಲ್ಲರೂ ನೋಡಿರುತ್ತಾರೆ, ಆ ಕಾಯ್ದೆಯ ಹಿಂದೆ ಅವರಿದ್ದರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಇಡೀ ಕ್ಲಾಸನ್ನು ಎಬ್ಬಿಸಿ ನಿಲ್ಲಿಸುತ್ತೇನೆ, ಓಟು ಇಲ್ಲದವರು ಕೂರಬೇಕು. ಆ ಕಾಲದಲ್ಲಿ ಓಟು ಇದ್ದದ್ದು ಮುಖ್ಯವಾಗಿ ತೆರಿಗೆ ಕಟ್ಟುವವರಿಗೆ, ಹಾಗಾದರೆ ನಿಮ್ಮಲ್ಲಿ ಯಾರಿಗೆ ಸಿಗುತ್ತಿತ್ತು? ಎಲ್ಲರೂ ಕೂರುತ್ತಾರೆ. 1951–52ರ ಮೊದಲ ಮಹಾಚುನಾವಣೆಗೆ ಬಂದಾಗ 21 ತುಂಬಿದ ಗಂಡಸರು, ಹೆಂಗಸರು ಎಲ್ಲರೂ ಏಳುತ್ತಾರೆ, ಓದು ಬರುತ್ತದೋ ಆಸ್ತಿ ಇದೆಯೋ ಅಂತ ಯಾರೂ ಕೇಳುವ ಹಾಗಿಲ್ಲ. 18, 19, 20ರ ಹುಡುಗರು ಕೂತೇ ಇರುತ್ತಾರೆ, ಅವರು ಏಳುವುದು ಓಟಿನ ವಯಸ್ಸನ್ನು 18ಕ್ಕೆ ಇಳಿಸಿದ ಸಂವಿಧಾನದ 61ನೇ ತಿದ್ದುಪಡಿ ಬಂದ ಮೇಲೆ, 1989ರಲ್ಲಿ. ಈ ಪಾಠಕ್ಕೆ ನಾನು ಎರಡನೇ ಸಲ ನೋಟ್ಸ್ ಕೊಟ್ಟದ್ದೇ ಇಲ್ಲ.

ಜಾರ್ಜ್ ಫರ್ನಾಂಡಿಸ್ ಬಗ್ಗೆ ಹೇಳದೆ ನಾನು ಮುಂದೆ ಹೋಗುವುದಿಲ್ಲ. ಮಂಗಳೂರಿನ ಹುಡುಗ, 1949ರಲ್ಲಿ ಕೆಲಸ ಹುಡುಕಿಕೊಂಡು ಮುಂಬೈಗೆ ಬಂದರು. ಇಲ್ಲಿ ಕಾರ್ಮಿಕರ ಸಂಘಗಳನ್ನು ಕಟ್ಟಿದರು, ಪಾಲಿಕೆಗೆ ಗೆದ್ದರು, 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್‌ನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನೇ ಸೋಲಿಸಿದರು. ಹೋಟೆಲ್‌ನಲ್ಲಿ ತಟ್ಟೆ ಎತ್ತಿ ಬಂದ ಹುಡುಗನಿಗೆ ಇದು ದೂರದ ಕಥೆ ಅನಿಸುವುದಿಲ್ಲ.

ಇನ್ನೊಂದು, ಯಾವ ಕೆಲಸ ಯಾರದು ಅನ್ನುವುದು. ನಲ್ಲಿ, ಚರಂಡಿ, ಕಸ ಪಾಲಿಕೆಯದು. ಪೊಲೀಸ್ ರಾಜ್ಯದ್ದು. ಲೋಕಲ್ ಟ್ರೇನ್ ಕೇಂದ್ರದ್ದು. ಇಷ್ಟು ತಿಳಿದರೆ ಅರ್ಧ ಅಲೆದಾಟ ತಪ್ಪುತ್ತದೆ.

ಮಾಹಿತಿ ಹಕ್ಕು ಅರ್ಜಿಯನ್ನು ಕ್ಲಾಸಲ್ಲೇ ಬರೆಸುತ್ತೇನೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಹುಡುಗರು ಮೊದಲು ಬರೆಯುವುದು ದೂರು: ನಮ್ಮ ಗಲ್ಲಿಯ ರಸ್ತೆ ಹಾಳಾಗಿದೆ, ಯಾರೂ ನೋಡುವುದಿಲ್ಲ. ಅದನ್ನು ಹೊಡೆದುಹಾಕಿ, ಈ ರಸ್ತೆಯ ಕೆಲಸಕ್ಕೆ ಎಷ್ಟು ಹಣ ಮಂಜೂರಾಗಿದೆ, ಗುತ್ತಿಗೆ ಯಾರಿಗೆ, ಮುಗಿಸಬೇಕಾದ ತಾರೀಕು ಯಾವುದು ಅಂತ ಬರೆಸುತ್ತೇನೆ, ಯಾಕೆಂದರೆ ದೂರನ್ನು ಪಕ್ಕಕ್ಕಿಡುವುದು ಸುಲಭ, ದಾಖಲೆ ಕೇಳಿದರೆ ಲಿಖಿತ ಉತ್ತರ ಕೊಡಲೇಬೇಕು. ಮರಾಠಿಯಲ್ಲಿ ಬರೆಯುತ್ತಾರೆ, ಅದರಿಂದ ಮರಾಠಿಯೂ ಸುಧಾರಿಸಿದೆ.

ಕ್ಲಾಸಲ್ಲಿ ಜಾಸ್ತಿ ಜಗಳ ಆಗುವುದು ಓಟು ಎಲ್ಲಿರಬೇಕು ಅನ್ನುವುದಕ್ಕೆ. 'ಸರ್, ನನ್ನ ಓಟು ಊರಲ್ಲಿದೆ' ಅನ್ನುವವರೇ ಹೆಚ್ಚು. ಊರಲ್ಲಿ ಮನೆ ಇದೆ, ಜಮೀನಿದೆ, ಪಂಚಾಯಿತಿಯಲ್ಲಿ ಗುರುತಿನವರಿದ್ದಾರೆ. ಅದು ಸಣ್ಣ ವಿಷಯ ಅಲ್ಲ. ಕಾನೂನು ನೋಡುವುದು ನೀವು ಸಾಮಾನ್ಯವಾಗಿ ವಾಸ ಮಾಡುವ ಜಾಗವನ್ನು, ಎರಡು ಕಡೆ ಹೆಸರು ಇರುವ ಹಾಗಿಲ್ಲ. ಹತ್ತು ವರ್ಷದಿಂದ ಇಲ್ಲೇ ಇದ್ದು ನೀರಿಗಾಗಿ ವಾರ್ಡ್ ಆಫೀಸಿಗೆ ಓಡಾಡುವವನು ಇಲ್ಲಿನ ಕಾರ್ಪೊರೇಟರ್‌ಗೆ ಮತದಾರನೇ ಅಲ್ಲದಿದ್ದರೆ ಅವನ ಮಾತಿಗೆ ಎಷ್ಟು ತೂಕ ಇರುತ್ತದೆ, ನೀವೇ ಹೇಳಿ ಅನ್ನುತ್ತೇನೆ. ಕೆಲವರು ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸುವ ಫಾರ್ಮ್ 8 ತುಂಬಿ ಓಟನ್ನು ಇಲ್ಲಿಗೆ ಬದಲಾಯಿಸಿಕೊಂಡಿದ್ದಾರೆ. ಒಬ್ಬ ಹುಡುಗ ತಾನು ಮಾಡಿಸಿಕೊಂಡು ಸುಮ್ಮನಾಗಲಿಲ್ಲ, ತನ್ನ ಹೋಟೆಲ್‌ನ ಅಡುಗೆಯವರನ್ನೂ ಕರೆದುಕೊಂಡು ಬಂದ, ಅವರಿಗೂ ಫಾರ್ಮ್ ತುಂಬಿಸಿಕೊಟ್ಟೆವು.