ಕಂಪ್ರೆಸರಿಗೂ ಕಕ್ಕಡ: ಮಳೆಗಾಲದಲ್ಲಿ ನಿಲ್ಲಿಸುವುದು ಹೇಗೆ?

ಕಕ್ಕಡ ಎಂಬ ಕೊಡವರ ಜಡಿಮಳೆಯ ತಿಂಗಳಿಗೆ ಮೊದಲೇ, ಮೇ ಕೊನೆಗೆ ಕೊಡಗಿನಲ್ಲಿ ಕಲ್ಲು ಕೊರೆಯುವ ಕೆಲಸ ಹೆಚ್ಚುಕಮ್ಮಿ ನಿಲ್ಲುತ್ತದೆ. ಕೊರೆಯುವ ಯಂತ್ರಕ್ಕೆ ಗಾಳಿ ಒತ್ತಿ ಕೊಡುವ ಡೀಸೆಲ್ ಕಂಪ್ರೆಸರನ್ನು ಕೆಲಸದವರು ತೋಟದ ಶೆಡ್ಡಿಗೆ ಎಳೆದು, ಟಾರ್ಪಾಲ್ ಹೊದೆಸಿ, ‘ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ರೈಟ್ರೇ’ ಎಂದು ತೋಟದ ಲೆಕ್ಕ ನೋಡುವ ರೈಟರಿಗೆ ಹೇಳಿ ಹೋಗುತ್ತಾರೆ. ಯಂತ್ರ ಹಾಳಾಗುವುದು ಆ ಐದು ನಿಮಿಷದಿಂದಲೇ. ನಮ್ಮ ಪಕ್ಕದ ತೋಟದಲ್ಲಿ ಎರಡು ಸ್ಕ್ರೂ ತಿರುಗಿ ಗಾಳಿ ಒತ್ತುವ ಒಂದು ಸ್ಕ್ರೂ ಕಂಪ್ರೆಸರನ್ನು ಹೀಗೆ ಒಂದು ವಾರವೂ ತಪ್ಪದೆ ನೋಡಿಕೊಂಡರು. ಸೆಪ್ಟೆಂಬರಿನಲ್ಲಿ ಡ್ರೈನ್ ತೆಗೆದರೆ ಬಂದದ್ದು ಹಾಲು ಬೆರೆಸಿದ ಕಾಫಿಯಂಥ ಆಯಿಲ್. ಬೇರಿಂಗ್ ತುಕ್ಕು ಹಿಡಿದಿತ್ತು.

ಮೊದಲು ಜಾಗ. ಮೇಲೆ ಸೂರು, ಕೆಳಗೆ ಗಟ್ಟಿ ನೆಲ, ಸುತ್ತ ಗಾಳಿ. ಟಾರ್ಪಾಲನ್ನು ಮಗುವಿಗೆ ಬಟ್ಟೆ ಸುತ್ತಿದ ಹಾಗೆ ಬಿಗಿಯಬೇಡಿ, ಒಳಗೇ ಬೆವರುತ್ತದೆ. ಕೆಳಗೆ ಒಂದಡಿ ಬಿಟ್ಟು ಕಟ್ಟಿ. ಅಂಗಡಿಯಲ್ಲಿ ಸಿಗುವ ತೆಳು ನೀಲಿ ಶೀಟಿಗೆ ದುಡ್ಡು ಹಾಕಬೇಡಿ, ಆಷಾಢದ ಗಾಳಿಗೆ ಚಿಂದಿಯಾಗುತ್ತದೆ.

ಡೀಸೆಲ್ ಟ್ಯಾಂಕ್ ತುಂಬಿಸಿ. ಅರ್ಧ ಖಾಲಿ ಬಿಟ್ಟರೆ ಒಳಗಿನ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ, ಅಲ್ಲಿ ಪಾಚಿಯಂಥ ಲೋಳೆ ಬೆಳೆದು ಫಿಲ್ಟರ್ ಕಟ್ಟುತ್ತದೆ. ಎಂಜಿನ್ ಆಯಿಲನ್ನು ನಿಲ್ಲಿಸುವ ಮೊದಲೇ ಬದಲಿಸಿ, ಮಳೆ ಮುಗಿದ ಮೇಲಲ್ಲ. ಹಳೇ ಆಯಿಲಿನಲ್ಲಿ ಆಮ್ಲ ಇರುತ್ತದೆ, ಅದು ನಾಲ್ಕು ತಿಂಗಳು ಸುಮ್ನೆ ಕೂರುವುದಿಲ್ಲ. ಹೆಸರಿಲ್ಲದ ಕ್ಯಾನಿನ ಲೂಸ್ ಕಂಪ್ರೆಸರ್ ಆಯಿಲ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಇನ್ನು ಎಲ್ಲರೂ ಎಡವುವ ಜಾಗ. ಹೊರಗೆ 20 ಡಿಗ್ರಿ, ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿದೆ ಅಂದುಕೊಳ್ಳಿ. ಮಡಿಕೇರಿಯಲ್ಲಿ ಜುಲೈ ಎಂದರೆ ಹಾಗೇ ಅಲ್ವಾ? ಆ ಗಾಳಿಯನ್ನು 7 ಬಾರ್ ಒತ್ತಡಕ್ಕೆ ಒತ್ತಿದರೆ, ಅದು ಸುಮಾರು 60 ಡಿಗ್ರಿಯಲ್ಲೇ ನೀರು ಬಿಡಲು ಶುರು ಮಾಡುತ್ತದೆ. ಐದು ನಿಮಿಷ ಓಡಿಸಿದರೆ ಕಂಪ್ರೆಸರ್ ಆಯಿಲ್ ಅಷ್ಟು ಬಿಸಿಯೇ ಆಗುವುದಿಲ್ಲ. ಪ್ರತಿ ವಾರ ಒಳಗೆ ಒಂದಿಷ್ಟು ನೀರು ಸುರಿದು ಮುಚ್ಚಿಟ್ಟಂತೆ.

ಅದಕ್ಕೇ ತಿಂಗಳಿಗೆ ಒಂದೇ ಸಲ ಸಾಕು, ಆದರೆ ಮುಕ್ಕಾಲು ಗಂಟೆ ಓಡಬೇಕು. ಸ್ಟಾರ್ಟ್ ಮಾಡುವ ಮೊದಲು, ಯಂತ್ರ ತಣ್ಣಗಿರುವಾಗಲೇ ನೀರು ತೆಗೆಯಿರಿ. ತಿಂಗಳಿಡೀ ನಿಂತಿರುವುದರಿಂದ ನೀರು ಗಾಳಿಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರ್ ಟ್ಯಾಂಕಿನ ತಳದಲ್ಲಿ, ಆಯಿಲ್ ಅದರ ಮೇಲೆ. ಪ್ರೆಷರ್ ಗೇಜ್ ಸೊನ್ನೆ ತೋರಿಸಿದರೂ ನಂಬಬೇಡಿ, ಮುಳ್ಳು ಅಂಟಿಕೊಂಡಿರಬಹುದು. ಗಾಳಿ ಬಿಡುವ ವಾಲ್ವ್ ತೆರೆದು, ಸದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ತಳದ ಡ್ರೈನ್ ಮುಟ್ಟಿ. ಪೂರ್ತಿ ಬಿಚ್ಚದೆ ಸಣ್ಣಗೆ ಸಡಿಲಿಸಿ. ಮೊದಲು ನೀರು ಬರುತ್ತದೆ, ಆಯಿಲ್ ಕಂಡ ಕೂಡಲೇ ಮುಚ್ಚಿ. ಎಷ್ಟು ಆಯಿಲ್ ಹೋಯಿತು ಎಂದು ಲೆವೆಲ್ ಗ್ಲಾಸ್ ನೋಡಿ.

ಆಮೇಲೆ ಶೆಡ್ಡಿನ ಬಾಗಿಲು ಪೂರ್ತಿ ತೆರೆದು, ಸಾಧ್ಯವಾದರೆ ಯಂತ್ರವನ್ನೇ ಹೊರಗೆಳೆದು ಸ್ಟಾರ್ಟ್ ಮಾಡಿ. ಮುಚ್ಚಿದ ಜಾಗದಲ್ಲಿ ಹೊಗೆ ಮನುಷ್ಯರನ್ನೇ ಕೊಲ್ಲುತ್ತದೆ. ಬಿಸಿ ಏರಿದ ಮೇಲೆ ಗಾಳಿ ವಾಲ್ವನ್ನು ಸ್ವಲ್ಪ ತೆರೆದಿಡಿ. ಲೋಡ್ ಇಲ್ಲದೆ ಸುಮ್ನೆ ಓಡಿದರೆ ಆಯಿಲ್ ಬಿಸಿಯಾಗುವುದಿಲ್ಲ. ಟೆಂಪರೇಚರ್ 75 ದಾಟಿ ಅರ್ಧ ಗಂಟೆಯಾದರೂ ನಿಲ್ಲಬೇಕು. ಅಷ್ಟು ಪುರುಸೊತ್ತು ಇಲ್ಲವೆಂದರೆ ಸ್ಟಾರ್ಟೇ ಮಾಡಬೇಡಿ, ಅದೇ ಮೇಲು. ನಿಲ್ಲಿಸುವ ಮುಂಚೆ ವಾಲ್ವ್ ಮುಚ್ಚಿ, ನಾಲ್ಕೈದು ನಿಮಿಷ ಖಾಲಿ ಓಡಿಸಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ತುಂಬಿದ 12 ವೋಲ್ಟ್ ಬ್ಯಾಟರಿ 12.6 ತೋರಿಸುತ್ತದೆ, 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿ. ಎರಡು ಬ್ಯಾಟರಿ ಇದ್ದರೆ ಬೇರೆ ಬೇರೆಯಾಗಿ ಅಳೆಯಿರಿ.

ಸೈಲೆನ್ಸರಿಗೆ ಡಬ್ಬಿ, ಏರ್ ಫಿಲ್ಟರಿನ ಬಾಯಿಗೆ ಬಲೆ. ಇಲಿ ವಯರ್ ಕಡಿಯುತ್ತದೆ, ಫಿಲ್ಟರಿನೊಳಗೆ ಗೂಡು ಕಟ್ಟುತ್ತದೆ. ಏನೇನು ಮುಚ್ಚಿದ್ದೀರಿ ಎಂದು ಒಂದು ರಟ್ಟಿನ ಮೇಲೆ ಬರೆದು ಕೀಲಿಗೇ ಕಟ್ಟಿ.

ಒಂದು ನೋಟ್‌ಬುಕ್ ಅಲ್ಲೇ ಇರಲಿ. ತಾರೀಕು, ಗಂಟೆ ಮೀಟರ್, ಗರಿಷ್ಠ ಟೆಂಪರೇಚರ್, ಪ್ರೆಷರ್, ಬ್ಯಾಟರಿ ವೋಲ್ಟ್, ಎಷ್ಟು ನೀರು ಬಂತು. ನೀರನ್ನು ಹಳೇ ಬಾಟಲಿಗೆ ಹಿಡಿದು ಅಳೆಯಿರಿ. ಜೂನಿನಲ್ಲಿ ಅರ್ಧ ಲೋಟ, ಜುಲೈಯಲ್ಲಿ ಎರಡು ಲೋಟ ಎಂದರೆ ಓಡಿಸಿದ್ದು ಸಾಲಲಿಲ್ಲ, ಆಯಿಲನ್ನೂ ನೋಡಿ.

ಕೊಡವರ ಆಯುಧಪೂಜೆ ಕೈಲ್ ಪೊಳ್ದ್ ಸೆಪ್ಟೆಂಬರ್ ಮೊದಲ ವಾರ. ಕೋವಿ ಕತ್ತಿಯ ಜೊತೆ ಕಂಪ್ರೆಸರಿಗೂ ಹೂವಿಡುವವರಿದ್ದಾರೆ. ಪೂಜೆಯ ಉತ್ಸಾಹದಲ್ಲಿ ನೇರ ಕೀಲಿ ತಿರುಗಿಸಬೇಡಿ. ಮೊದಲು ಆ ರಟ್ಟು ಓದಿ, ಡಬ್ಬಿ ತೆಗೆಯಿರಿ, ತಣ್ಣಗಿರುವಾಗಲೇ ಇನ್ನೊಮ್ಮೆ ನೀರು ಇಳಿಸಿ.