ಸಿಂಗಪುರದ ವಠಾರಗಳಲ್ಲಿ ಧರ್ಮದ ಮಾತುಕತೆ: ನಾವು ನಡೆಸುವ ಬಗೆ

ಸಿಂಗಪುರದ ಸರ್ಕಾರಿ ವಸತಿ ಬ್ಲಾಕುಗಳಲ್ಲಿ 1989ರಿಂದ ಒಂದು ನಿಯಮವಿದೆ. ಈಗಿನ ಲೆಕ್ಕದಂತೆ ಒಂದು ಬ್ಲಾಕಿನಲ್ಲಿ ಚೀನೀಯರ ಮನೆಗಳು ಶೇ. 87, ಮಲಯರದು ಶೇ. 25, ಭಾರತೀಯರು ಮತ್ತು ಇತರರದು ಶೇ. 15 ದಾಟುವಂತಿಲ್ಲ. ಎಲ್ಲ ಧರ್ಮದವರೂ ಒಂದೇ ಲಿಫ್ಟಿನಲ್ಲಿ ಹತ್ತಿಳಿಯುತ್ತಾರೆ, ಆದರೆ ಅಷ್ಟಕ್ಕೇ ಪರಿಚಯ ಬೆಳೆಯುವುದಿಲ್ಲ. 2001ರ ಡಿಸೆಂಬರ್‌ನಲ್ಲಿ ಆಗ್ನೇಯ ಏಷ್ಯಾದ ಉಗ್ರ ಸಂಘಟನೆ ಜೆಮಾ ಇಸ್ಲಾಮಿಯಾದ ಜಾಲದವರು ಇಲ್ಲಿ ಸಿಕ್ಕಿಬಿದ್ದರು. ಮರುವರ್ಷ ಪ್ರತಿ ಚುನಾವಣಾ ಕ್ಷೇತ್ರದಲ್ಲೂ ಮಸೀದಿ, ದೇವಸ್ಥಾನ, ಚರ್ಚು, ಬೌದ್ಧ ಮಂದಿರದವರನ್ನು ಸೇರಿಸಿದ ಸಾಮರಸ್ಯ ಬಳಗಗಳು ಹುಟ್ಟಿಕೊಂಡವು. ಸ್ವಯಂಸೇವಕರಾದ ನಾವು ಮಾತುಕತೆ ನಡೆಸುವುದು ಅದರಡಿಯಲ್ಲೇ.

ಒಂದು ಸುತ್ತಿಗೆ ಹತ್ತು-ಹನ್ನೆರಡು ಜನ, ಒಂದೂವರೆ ಗಂಟೆ ಸಾಕು. ಹೆಚ್ಚಾದರೆ ನಾಲ್ವರು ಮಾತಾಡುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ. ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಗ್ಗೆ, ರಂಜಾನಿನ ಸಂಜೆಗಳು ಬೇಡ. ಹಲಾಲ್ ಊಟ, ಸಸ್ಯಾಹಾರ ಎರಡನ್ನೂ ಬೇರೆ ಬೇರೆ ಮೇಜಿನ ಮೇಲಿಟ್ಟು, ಸೌಟುಗಳನ್ನೂ ಬೇರೆ ಇಡಬೇಕು. ಸೌಟು ಅದಲುಬದಲಾದರೆ ಕೆಲವರು ಏನೂ ಹೇಳದೆ ಊಟ ಬಿಟ್ಟು ಕೂರುತ್ತಾರೆ. ಆಮೇಲೆ ಅವರಿಂದ ಮಾತು ಹೊರಡುವುದು ಕಷ್ಟ.

ಕುರ್ಚಿಗಳನ್ನು ದುಂಡಗೆ ಹಾಕಿ, ನಡುವೆ ಮೇಜು ಇಡಬೇಡಿ. ಶುರುವಿನಲ್ಲೇ ಎಲ್ಲರಿಗೂ ಚೀಟಿ ಕೊಟ್ಟು, ಹೆಸರು ಹಾಕದೆ ಒಂದೊಂದು ಪ್ರಶ್ನೆ ಬರೆಸುತ್ತೇವೆ. ‘ಪ್ರಸಾದ ಕೊಟ್ಟರೆ ಯಾಕೆ ತಗೊಳ್ಳಲ್ಲ?’, ‘ಕ್ರಿಸ್‌ಮಸ್ ಶುಭಾಶಯ ಹೇಳಿದರೆ ನಿಮ್ಮಲ್ಲಿ ತಪ್ಪಾ?’, ‘ಕೆಳಗಡೆ ಪಿತೃಪೂಜೆಗೆ ಕಾಗದ ಸುಟ್ಟರೆ ಬೂದಿ ನಮ್ಮ ಬಟ್ಟೆ ಮೇಲೆ ಬೀಳುತ್ತೆ, ಯಾರಿಗೆ ಹೇಳಬೇಕು?’ ಇಂಥವು ಚೀಟಿಯಲ್ಲಷ್ಟೇ ಹೊರಬರುತ್ತವೆ. ಉತ್ತರ ಕೊಡುವವರು ‘ನಾನು’, ‘ನಮ್ಮ ಮನೆಯಲ್ಲಿ’ ಎಂದೇ ಹೇಳಬೇಕು, ಇಡೀ ಧರ್ಮದ ಪರವಾಗಿ ಅಲ್ಲ. ಇಲ್ಲಿ ಆಡಿದ್ದು ವಾಟ್ಸಾಪಿಗೆ ಹೋಗಕೂಡದು.

ಕೆಡುವುದು ಮುಖ್ಯವಾಗಿ ಎರಡು ಕಡೆ. ಧರ್ಮಗುರುಗಳು ಸುತ್ತಿನೊಳಗೆ ಕೂತರೆ ಮಾತುಕತೆ ಪ್ರವಚನವಾಗಿ, ಹುಡುಗರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ಗುರುಗಳು ಕೊನೆಯ ಕಾಲು ಗಂಟೆಗೆ ಮಾತ್ರ ಬರುತ್ತಾರೆ. ಇನ್ನೊಂದು, ಎಲ್ಲೋ ಬಾಂಬ್ ಸಿಡಿದ ವಾರ ಇಲ್ಲಿರುವ ಒಬ್ಬಳೇ ಮುಸ್ಲಿಂ ಹುಡುಗಿಯ ಕಡೆ ಎಲ್ಲರೂ ತಿರುಗುವುದು. ‘ನಿಮ್ಮವರು ಯಾಕೆ ಹೀಗೆ?’ ಎಂಬ ಪ್ರಶ್ನೆಗೆ ಅವಳು ಉತ್ತರಿಸಬೇಕಾಗಿಲ್ಲ. ನಡೆಸುವವರು ಕೂಡಲೇ ನಡುವೆ ಬಂದು, ‘ನಿಮ್ಮ ನಿಮ್ಮ ಮನೆಯ ಹುಡುಗ ಉಗ್ರವಾದದ ವಿಡಿಯೋ ನೋಡುತ್ತಿದ್ದರೆ ಏನು ಮಾಡುತ್ತೀರಿ?’ ಎಂದು ಎಲ್ಲರನ್ನೂ ಕೇಳಬೇಕು. 2020ರ ಡಿಸೆಂಬರ್‌ನಲ್ಲಿ ಇಲ್ಲಿ ಬಂಧನಕ್ಕೊಳಗಾದ 16 ವರ್ಷದವನು ಭಾರತೀಯ ಮೂಲದ ಪ್ರಾಟೆಸ್ಟೆಂಟ್ ಕ್ರೈಸ್ತ. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ ನಡೆದ ಹತ್ಯಾಕಾಂಡದ ವರ್ಷಾಚರಣೆಯ ದಿನದಂದೇ ಇಲ್ಲಿನ ಎರಡು ಮಸೀದಿಗಳ ಮೇಲೆ ದಾಳಿ ಮಾಡಲು ಯೋಜನೆ ಹಾಕಿದ್ದ. ಒಂದೇ ಧರ್ಮದ ಮೇಲೆ ಕಣ್ಣಿಟ್ಟರೆ ಇಂಥವರು ತಪ್ಪಿಹೋಗುತ್ತಾರೆ.

ಸಭೆ ಮುಗಿದ ಮೇಲೆ ಯಾರಾದರೂ ತಾಯಿ ಪಕ್ಕಕ್ಕೆ ಕರೆದು ಮಗ ಉಗ್ರವಾದದತ್ತ ವಾಲುತ್ತಿರುವ ವಿಷಯ ಹೇಳಿದರೆ, ನಾವೇ ಗ್ರಂಥ ಹಿಡಿದು ಅವನ ಜೊತೆ ವಾದಕ್ಕಿಳಿಯುವುದಿಲ್ಲ. ಅದಕ್ಕೆ 2003ರಿಂದ ರಿಲಿಜಿಯಸ್ ರಿಹ್ಯಾಬಿಲಿಟೇಷನ್ ಗ್ರೂಪ್ ಇದೆ. ಇಸ್ಲಾಂ ಪಂಡಿತರೇ ಸ್ವಯಂಪ್ರೇರಣೆಯಿಂದ ಸಲಹೆ ಕೊಡುತ್ತಾರೆ, ಅವರ ಕೇಂದ್ರ ಗೇಲಾಂಗ್‌ನ ಖದೀಜಾ ಮಸೀದಿಯಲ್ಲಿದೆ. ತಾಯಿಯ ನಿಜವಾದ ಭಯ ‘ಹಿಡಿದುಕೊಂಡು ಹೋಗುತ್ತಾರಾ?’ ಎನ್ನುವುದು. ಇಲ್ಲ ಎಂದು ಮಾತು ಕೊಡಬೇಡಿ. ಆಂತರಿಕ ಭದ್ರತಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಒಮ್ಮೆಗೆ ಎರಡು ವರ್ಷದವರೆಗೆ ಬಂಧನದಲ್ಲಿಡಬಹುದು, ಅದನ್ನು ಮತ್ತೆ ಮುಂದುವರಿಸಲೂಬಹುದು. ಇಷ್ಟು ಕಠಿಣ ಅಧಿಕಾರದ ಬಗ್ಗೆ ಆಕ್ಷೇಪಗಳಿವೆ, ಅವು ಸುಮ್ಮನೆ ಹುಟ್ಟಿದವಲ್ಲ. ನಿರ್ಧಾರ ನಮ್ಮ ಕೈಯಲ್ಲಿಲ್ಲ, ಬೇಗ ಹೇಳಿದಷ್ಟೂ ಸಲಹೆಯಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು ಎಂದಷ್ಟೇ ಹೇಳುತ್ತೇವೆ.

ಬಂಧನವಾದರೆ ಮಕ್ಕಳ ಓದು, ಮನೆಖರ್ಚು, ಹೆಂಡತಿಗೊಂದು ಕೆಲಸ ಇವನ್ನು ನೋಡಿಕೊಳ್ಳಲು ಬೇರೆಯೇ ನೆರವಿನ ತಂಡವಿದೆ. ನಮ್ಮ ಪಾಲಿಗೆ ಉಳಿಯುವ ಕೆಲಸವೆಂದರೆ ಆ ಮನೆಯವರನ್ನು ಮುಂದಿನ ಸುತ್ತಿಗೂ ಕರೆಯುವುದು, ಮತ್ತು ಅವರ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆಂದು ಮೊದಲೇ ಮಾತಾಡಿಟ್ಟುಕೊಳ್ಳುವುದು.